ಅಡ್ವಾನ್ಸ್ ದುಡ್ಡಲ್ಲಿ ಕಟ್ಟುವ ಲೋಕಗಳು

ಗಿರಾಕಿ ಕೊಟ್ಟ ಅಡ್ವಾನ್ಸ್ ಆದಾಯ ಅಲ್ಲ. ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಇದು. ಸಾಮಾನು ಗಿರಾಕಿಯ ಕೈಗೆ ಹೋಗುವವರೆಗೆ ಆ ದುಡ್ಡು ಬ್ಯಾಲೆನ್ಸ್ ಶೀಟಿನಲ್ಲಿ ಲಯಬಿಲಿಟಿ, ಅಂದರೆ ನಾವು ತೀರಿಸಬೇಕಾದ ಬಾಕಿಯ ಕಡೆಗೇ ಇರಬೇಕು. ಉಡುಪಿಯ ಫರ್ನಿಚರ್ ಅಂಗಡಿಗೂ ಇದೇ ನಿಯಮ, ಅಮೆರಿಕದ ಗೇಮ್ ಕಂಪನಿಗೂ ಇದೇ ನಿಯಮ.

ಗೇಮ್ ಕಂಪನಿ ಎಲ್ಲಿಂದ ಬಂತು ಅಂತ ಕೇಳಬಹುದು. ಹಗಲಿಡೀ ಟ್ಯಾಲಿ, ಜಿಎಸ್‌ಟಿ ಅಂತ ಕೂರುವ ನಾನು ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ ಆಡುವವಳು. ಎಂಎಂಒ ಅಂತಾರಲ್ಲ, ಸಾವಿರಾರು ಜನ ಒಂದೇ ಲೋಕದೊಳಗೆ ಒಟ್ಟಿಗೆ ಇರುವಂಥದ್ದು. ಮಣಿಪಾಲದಲ್ಲಿ ಕೆಲಸಕ್ಕಿರುವ ಚಿಕ್ಕಮ್ಮನ ಮಗನಿಗೂ ಇದೇ ಹುಚ್ಚು. ಅವನದ್ದು ನನಗಿಂತ ಒಂದು ಕೈ ಜಾಸ್ತಿ. ಇನ್ನೂ ಮಾಡದ ವಸ್ತುವಿಗೆ ಜನರಿಂದ ಮೊದಲೇ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಚಂದದ ಟ್ರೇಲರ್ ಕಂಡರೆ ಸಾಕು, ಕ್ರೆಡಿಟ್ ಕಾರ್ಡ್ ಹೊರಗೆ ಬರುತ್ತದೆ. ಹಿಂದೊಮ್ಮೆ ದುಡ್ಡು ಹಾಕಿದ ಒಂದು ಗೇಮ್‌ನಿಂದ (ಹೆಸರು ಬೇಡ ಬಿಡಿ) ಈವರೆಗೆ ಅವನಿಗೆ ಸಿಕ್ಕಿದ್ದು ಒಂದು ವಾಲ್‌ಪೇಪರ್, ಮತ್ತೆ ತಡವಾಗುತ್ತಿದೆ ಅಂತ ಹೇಳುವ ಈಮೇಲ್‌ಗಳು. ಮೊನ್ನೆ ಮತ್ತೊಂದು ಲಿಂಕ್ ಕಳಿಸಿದ. "ಅಕ್ಕ, ಇವರು ಹಾಗಲ್ಲ. ಇವರ ಟೀಮ್ ಗಟ್ಟಿ ಉಂಟು."

ಟೀಮ್ ಗಟ್ಟಿ ಇರಬಹುದು. ಲೆಕ್ಕ ಗಟ್ಟಿ ಉಂಟಾ? ನಾನು ನೋಡುವುದು ಅದನ್ನು.

ಕ್ರಾನಿಕಲ್ಸ್ ಆಫ್ ಎಲಿರಿಯಾ ಅಂತ ಒಂದು ಗೇಮ್ 2016ರಲ್ಲಿ ಕಿಕ್‌ಸ್ಟಾರ್ಟರ್‌ಗೆ ಬಂದಿತ್ತು. ಕೇಳಿದ್ದು 9 ಲಕ್ಷ ಡಾಲರ್, ಬಂದದ್ದು ಸುಮಾರು 13.6 ಲಕ್ಷ. ಎಲ್ಲರಿಗೂ ಖುಷಿಯೋ ಖುಷಿ. ಈಗ ಖರ್ಚಿನ ಕಡೆ ಬನ್ನಿ. ಕಿಕ್‌ಸ್ಟಾರ್ಟರ್ 5% ಹಿಡಿದುಕೊಳ್ಳುತ್ತದೆ. ಕಾರ್ಡ್ ಪೇಮೆಂಟ್‌ಗೆ ಮತ್ತೆ 3ರಿಂದ 5%. ಕೈಯಲ್ಲಿ ಉಳಿಯುವುದು ಹನ್ನೆರಡೂವರೆ ಲಕ್ಷದ ಆಸುಪಾಸು. ಸಂಬಳ, ಇನ್ಶೂರೆನ್ಸ್, ಆಫೀಸ್ ಬಾಡಿಗೆ ಎಲ್ಲ ಸೇರಿಸಿ ಒಬ್ಬರಿಗೆ ತಿಂಗಳಿಗೆ 10,000 ಡಾಲರ್ ಅಂತ ಅಂದಾಜು ಹಾಕುವುದು ಅಲ್ಲಿನ ಗೇಮ್ ಕಂಪನಿಗಳಲ್ಲಿ ವಾಡಿಕೆ. 20 ಜನರ ತಂಡ ಅಂತಿಟ್ಟುಕೊಳ್ಳಿ. ತಿಂಗಳಿಗೆ 2 ಲಕ್ಷ. ಅಂದರೆ ಆರು ತಿಂಗಳಿಗೆ ದುಡ್ಡು ಖಾಲಿ. ಇಂಥ ಗೇಮ್ ಮಾಡಲು ದೊಡ್ಡ ಕಂಪನಿಗಳಿಗೇ ನಾಲ್ಕೈದು ವರ್ಷ ಹಿಡಿಯುತ್ತದೆ.

ಹಾಗಾದರೆ 9 ಲಕ್ಷ ಅಂತ ಯಾಕೆ ಕೇಳಿದರು? ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ಸಿಗುವುದಿಲ್ಲ. ನಿಜವಾದ ಖರ್ಚು ಮೂರು ಕೋಟಿ ಡಾಲರ್ ಅಂತ ಬರೆದರೆ ಅಲ್ಲಿಗೇ ಕತೆ ಮುಗಿಯಿತು. ಹಾಗಾಗಿ ಗೇಮ್‌ಗೆ ಎಷ್ಟು ಬೇಕು ಅಂತ ನೋಡುವುದಿಲ್ಲ, ಜನ ಎಷ್ಟು ಕೊಟ್ಟಾರು ಅಂತ ನೋಡುತ್ತಾರೆ. ಉಳಿದದ್ದು? "ನೋಡಿ, ಇಷ್ಟು ಜನ ಕಾಯ್ತಿದ್ದಾರೆ" ಅಂತ ತೋರಿಸಿ ದೊಡ್ಡ ಹೂಡಿಕೆದಾರರನ್ನು ಹುಡುಕುವುದು. ಸಿಕ್ಕಿದರೆ ಗೇಮ್ ಮುಂದುವರಿಯುತ್ತದೆ. ಸಿಗದಿದ್ದರೆ ಕೊಟ್ಟವರಿಂದಲೇ ಮತ್ತೆ ಕೇಳಬೇಕು.

ಎಲಿರಿಯಾದಲ್ಲಿ ಆದದ್ದು ಅದೇ. ಇನ್ನೂ ಹುಟ್ಟದ ಲೋಕದಲ್ಲಿ ರಾಜ, ಡ್ಯೂಕ್, ಕೌಂಟ್ ಅಂತ ಪದವಿಗಳನ್ನು ಮಾರಿದರು. ಕಿಕ್‌ಸ್ಟಾರ್ಟರ್ ಮುಗಿದ ಮೇಲೂ ಮಾರಾಟ ನಿಲ್ಲಲಿಲ್ಲ. 2020ರ ಆರಂಭದಲ್ಲಿ ಜನ ಮ್ಯಾಪ್ ಮುಂದಿಟ್ಟುಕೊಂಡು ತಮ್ಮ ತಮ್ಮ ಜಾಗ ಆರಿಸುತ್ತಿದ್ದರು. ಮಾರ್ಚ್‌ನಲ್ಲಿ ಕಂಪನಿ ಎಲ್ಲರನ್ನೂ ಕೆಲಸದಿಂದ ತೆಗೆದು ಕೈಚೆಲ್ಲಿತು. ರಾಜರು ಇದ್ದರು, ರಾಜ್ಯ ಇರಲಿಲ್ಲ.

ಇದನ್ನು ಬರೀ ಮೋಸ ಅಂತ ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಜನರ ದುಡ್ಡಿನಲ್ಲಿ ಕೆಲಸ ಆಗುವುದೇ ಇಲ್ಲ ಅಂತಲೂ ಅಲ್ಲ. ನಮ್ಮಲ್ಲೇ ಪವನ್ ಕುಮಾರ್ ಅವರ ಲೂಸಿಯಾ ಇಲ್ವಾ? 110 ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು, 2013ರಲ್ಲಿ ಸಿನಿಮಾ ತೆರೆಗೆ ಬಂತು. ಆದರೆ ಸಿನಿಮಾಕ್ಕೆ ಒಂದು ಕೊನೆ ಉಂಟು. ಶೂಟಿಂಗ್ ಮುಗಿಯುತ್ತದೆ, ಎಡಿಟಿಂಗ್ ಮುಗಿಯುತ್ತದೆ, ರಿಲೀಸ್ ಆದ ಮೇಲೆ ಖರ್ಚು ನಿಲ್ಲುತ್ತದೆ. ಎಂಎಂಒಗೆ ರಿಲೀಸ್ ದಿನವೇ ಖರ್ಚಿನ ಇನ್ನೊಂದು ಪುಸ್ತಕ ತೆರೆಯಬೇಕು. ಸರ್ವರ್ ಬಾಡಿಗೆ, ಕಳ್ಳಾಟ ಹಿಡಿಯುವವರು, ದೂರು ಕೇಳುವವರು, ಮೂರು ತಿಂಗಳಿಗೊಮ್ಮೆ ಹೊಸ ಜಾಗ, ಹೊಸ ರಾಕ್ಷಸ.

ನಮ್ಮ ಕಡೆಯ ಯಕ್ಷಗಾನ ಮೇಳದ ಹಾಗೆ ಅನ್ನಿ. ಕಟೀಲು ಮೇಳದ ಹರಕೆ ಆಟ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಾರೆ. ನಮ್ಮ ಮನೆಯವರೂ ಕಾಯುತ್ತಿದ್ದಾರೆ. ಯಾರಿಗೂ ಸಂಶಯ ಇಲ್ಲ. ಮೇಳ ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ದಿನಾ ರಾತ್ರಿ ಎಲ್ಲೋ ಒಂದು ಕಡೆ ಕುಣಿಯುತ್ತಲೇ ಇರುತ್ತದೆ. ವೇಷ ಕಟ್ಟುವ ಚೌಕಿಗೆ ಹೋಗಿ ಕಣ್ಣಾರೆ ನೋಡಬಹುದು. ಹರಕೆಯವರು ಕೊಡುವ ದುಡ್ಡು ಅವರ ಒಂದು ರಾತ್ರಿಯ ಆಟಕ್ಕೆ. ಕಿಕ್‌ಸ್ಟಾರ್ಟರ್‌ನ ಎಂಎಂಒದವರು ಭಾಗವತರನ್ನೇ ಹುಡುಕಿರುವುದಿಲ್ಲ, ವೇಷದ ಪೆಟ್ಟಿಗೆ ಬಂದಿರುವುದಿಲ್ಲ, ಮುಂದಿನ ಹತ್ತು ವರ್ಷದ ಆಟಗಳಿಗೆ ಈಗಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಆ ದುಡ್ಡು ಪೆಟ್ಟಿಗೆ ಮಾಡಿಸುವುದರಲ್ಲೇ ಕರಗುತ್ತದೆ. ಆಟ ಆಡಿಸುವುದು ಯಾವುದರಲ್ಲಿ?

ಕ್ರೌಫಾಲ್ ನೋಡಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಬೇಜಾರೇ ಆಗುತ್ತದೆ, ಯಾಕೆಂದರೆ ಅವರು ಗೇಮ್ ಮಾಡಿ ಕೊಟ್ಟರು. 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 17.6 ಲಕ್ಷ ಡಾಲರ್ ಎತ್ತಿದರು, ಆಮೇಲೆ ಬೇರೆ ಕಡೆಯಿಂದಲೂ ದುಡ್ಡು ತಂದರು, 2021ರ ಜುಲೈಯಲ್ಲಿ ಬಿಡುಗಡೆ ಮಾಡಿದರು. 2022ರ ನವೆಂಬರ್‌ನಲ್ಲಿ ಸರ್ವರ್ ಬಂದ್. ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಹೀಗೆ. ಯಾರಿಗೆ ಈ ಗೇಮ್ ಮೇಲೆ ಅತೀ ಆಸೆ ಇತ್ತೋ ಅವರೆಲ್ಲ ಆರು ವರ್ಷ ಮೊದಲೇ ದುಡ್ಡು ಕೊಟ್ಟಾಗಿತ್ತು. ಬಿಡುಗಡೆ ದಿನ ಅವರಿಂದ ಬರುವುದು ಏನೂ ಇಲ್ಲ. ಹೊಸಬರೇ ಬರಬೇಕು. ಆದರೆ ಆರು ವರ್ಷದಲ್ಲಿ ಹಳಬರಲ್ಲಿ ಎಷ್ಟೋ ಜನರಿಗೆ ಮದುವೆ ಆಗಿ, ಮಕ್ಕಳಾಗಿ, ಆಡುವ ಹೊತ್ತೇ ಇಲ್ಲ. ಹೊಸಬರು ಒಳಗೆ ಬಂದು ನೋಡಿದರೆ ಊರು ಖಾಲಿ. ಒಬ್ಬನೇ ಆಡುವ ಗೇಮ್ ಆದರೆ 5,000 ಜನ ಕೊಂಡರೂ ಆ 5,000 ಜನರಿಗೆ ಪೂರ್ತಿ ಗೇಮ್ ಸಿಗುತ್ತದೆ. ಇಲ್ಲಿ ಪಕ್ಕದವನು ಬರದಿದ್ದರೆ ನಾನು ಕೊಂಡದ್ದೂ ದಂಡ. ಯುದ್ಧಕ್ಕೆ ಎದುರಾಳಿ ಬೇಡವಾ?

(ಉಡುಪಿಯಿಂದ ಆಡುವವರ ಕಷ್ಟ ಬೇರೆ. ಸರ್ವರ್ ಅಮೆರಿಕದಲ್ಲಿದ್ದರೆ ಪಿಂಗ್, ಅಂದರೆ ಸಿಗ್ನಲ್ ಅಲ್ಲಿಗೆ ಹೋಗಿ ಬರುವ ಹೊತ್ತು, ಜಾಸ್ತಿ. ನಾನು ಕತ್ತಿ ಎತ್ತುವಷ್ಟರಲ್ಲಿ ಎದುರಿನವನು ಕೊಂದು, ಲೂಟಿ ಮಾಡಿ, ಮನೆಗೆ ಹೋಗಿರುತ್ತಾನೆ.)

ಇನ್ನು ಸ್ಟ್ರೆಚ್ ಗೋಲ್. ಇದರಷ್ಟು ವಿಚಿತ್ರ ಲೆಕ್ಕ ನಾನು ಬೇರೆಲ್ಲೂ ಕಂಡಿಲ್ಲ. ಗುರಿ ದಾಟಿ ಎರಡು ಲಕ್ಷ ಹೆಚ್ಚು ಬಂದರೆ ಹಡಗು ಕಟ್ಟುವ ವ್ಯವಸ್ಥೆ, ಇನ್ನೆರಡು ಲಕ್ಷ ಬಂದರೆ ಹೊಸ ಖಂಡ. ಹೆಚ್ಚು ಬಂದ ದುಡ್ಡನ್ನು ಮೊದಲು ಒಪ್ಪಿಕೊಂಡ ಕೆಲಸ ಮುಗಿಸಲು ಎತ್ತಿಡಬೇಕಲ್ವಾ? ಅದರ ಬದಲು ಹೊಸ ಕೆಲಸ ತಲೆ ಮೇಲೆ ಹಾಕಿಕೊಳ್ಳುತ್ತಾರೆ. ಬಾಹ್ಯಾಕಾಶದ ಗೇಮ್ ಸ್ಟಾರ್ ಸಿಟಿಜನ್ 2012ರಲ್ಲಿ ಶುರುವಾದಾಗ 2014ಕ್ಕೆ ಕೊಡುತ್ತೇವೆ ಅಂದಿದ್ದರು. ಸ್ಟ್ರೆಚ್ ಗೋಲ್‌ಗಳು 6.5 ಕೋಟಿ ಡಾಲರ್‌ವರೆಗೆ ಬೆಳೆದವು. ಈಗ ಒಟ್ಟು ಸಂಗ್ರಹ 70 ಕೋಟಿ ಡಾಲರ್ ದಾಟಿದೆ, ಗೇಮ್ ಇನ್ನೂ ಆಲ್ಫಾದಲ್ಲೇ, ಅಂದರೆ ಪರೀಕ್ಷೆಯ ಹಂತದಲ್ಲೇ ಉಂಟು. 2018ರಲ್ಲಿ ಗೇಮ್‌ನ ಹೆಚ್ಚುಕಡಿಮೆ ಎಲ್ಲ ಬಾಹ್ಯಾಕಾಶ ಹಡಗುಗಳನ್ನೂ ಸೇರಿಸಿದ ಒಂದು ಪ್ಯಾಕ್‌ಗೆ 27,000 ಡಾಲರ್ ಇಟ್ಟಿದ್ದರು. ಇದನ್ನು ಸೋಲು ಅನ್ನಲು ನನಗೆ ಧೈರ್ಯ ಸಾಲದು, ಜನ ಈಗಲೂ ಖುಷಿಯಿಂದ ಕೊಡುತ್ತಿದ್ದಾರೆ. ಆದರೆ ಇದನ್ನು ನೋಡಿ ಮರುಳಾಗಿ ಹೊರಟ ಚಿಕ್ಕ ತಂಡಗಳು ಎಷ್ಟೋ ನೆಲ ಕಚ್ಚಿದವು. ಅವರ ಹತ್ತಿರ ಸ್ಟಾರ್ ಸಿಟಿಜನ್ ಮಾಡುತ್ತಿರುವ ಕ್ರಿಸ್ ರಾಬರ್ಟ್ಸ್ ಥರದ ಹೆಸರುವಾಸಿ ಇರಲಿಲ್ಲ.

ನನಗೆ ಇಷ್ಟವಾಗುವ ಉದಾಹರಣೆ ಪ್ರಾಜೆಕ್ಟ್ ಗೋರ್ಗನ್. ಗಂಡ ಹೆಂಡತಿ ಸೇರಿ ಶುರು ಮಾಡಿದ್ದು. ಕಿಕ್‌ಸ್ಟಾರ್ಟರ್‌ನಲ್ಲಿ ಎರಡು ಸಲ ಗುರಿ ಮುಟ್ಟಲಿಲ್ಲ. 2015ರಲ್ಲಿ ಮೂರನೇ ಸಲ ಬಂದಾಗ ಕೇಳಿದ್ದು ಬರೀ 20,000 ಡಾಲರ್. ಅಷ್ಟರಲ್ಲಿ ಆಡಿ ನೋಡುವಂಥ ಗೇಮ್ ಅವರ ಹತ್ತಿರ ಇತ್ತು. ಗ್ರಾಫಿಕ್ಸ್ ನೋಡಿದರೆ ನಗು ಬರುತ್ತದೆ, ಅದು ಬೇರೆ ಮಾತು. ಖರ್ಚು ಕಡಿಮೆ, ಹಾಗಾಗಿ ಜನ ಕಡಿಮೆ ಇದ್ದರೂ ಬಾಗಿಲು ಹಾಕಬೇಕಾಗಿಲ್ಲ. 2018ರಲ್ಲಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ತಮ್ಮ ಕೇಳಿದ್ದು ಒಂದೇ. "ಅಕ್ಕ, ಆ ಹಳೆಯ ದುಡ್ಡು ವಾಪಸ್ ಸಿಗ್ತದಾ?"

ಸಿಗುವುದು ಕಷ್ಟ ಮಾರಾಯ. ಒಪ್ಪಂದ ಇರುವುದು ದುಡ್ಡು ಕೊಟ್ಟವನಿಗೂ ಗೇಮ್ ಮಾಡುವವನಿಗೂ ಮಧ್ಯೆ, ನಾವು ಅದರಲ್ಲಿ ಇಲ್ಲ ಅಂತ ಕಿಕ್‌ಸ್ಟಾರ್ಟರ್ ತನ್ನ ನಿಯಮದಲ್ಲೇ ಬರೆದುಕೊಂಡಿದೆ. 2014ರಲ್ಲಿ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಇಂಥ ಒಂದು ಕೇಸ್ ಹಾಕಿ ಮರುವರ್ಷ ಗೆದ್ದದ್ದು ಉಂಟು. ಆದರೆ ಅದು ಇಸ್ಪೀಟ್ ಎಲೆ ಮಾಡಿಕೊಡುತ್ತೇನೆ ಅಂತ ದುಡ್ಡು ತಗೊಂಡವನ ಮೇಲೆ, ಅದೂ ಅಲ್ಲಿನ ಗಿರಾಕಿಗಳ ಪರವಾಗಿ. ಉಡುಪಿಯಲ್ಲಿ ಕೂತವನಿಗೆ ಯಾವ ಕೋರ್ಟು?

ಹೊಸ ಲಿಂಕ್‌ನ ಪುಟವನ್ನೂ ಪೂರ್ತಿ ಓದಿದೆ. ಡ್ರ್ಯಾಗನ್ ಬಗ್ಗೆ ಉದ್ದಕ್ಕೆ ಬರೆದಿದ್ದಾರೆ. ಟೀಮ್‌ನಲ್ಲಿ ಎಷ್ಟು ಜನ, ತಿಂಗಳ ಖರ್ಚು ಎಷ್ಟು, ಈ ದುಡ್ಡು ಎಷ್ಟು ತಿಂಗಳಿಗೆ ಬರುತ್ತದೆ, ಬಿಡುಗಡೆ ಆದ ಮೇಲೆ ಸರ್ವರ್ ಬಿಲ್ ಕಟ್ಟುವುದು ಯಾರು, ಇದು ಯಾವುದೂ ಇಲ್ಲ. ಈ ನಾಲ್ಕು ಪ್ರಶ್ನೆ ಅವರಿಗೇ ಕಳಿಸು ಅಂತ ತಮ್ಮನಿಗೆ ಹೇಳಿದ್ದೇನೆ. ಕ್ಯಾಂಪೇನ್ ಮುಗಿಯಲು ಇನ್ನೂ ದಿನ ಉಂಟು, ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ.