ಒಂದು ಮೊರ ಚಗಟೆ ಸೊಪ್ಪು

ಮುಂಬಯಿಯ ಒಂದು ಕಾಲೇಜಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆದಿವಾಸಿಗಳ ಕುರಿತ ಪತ್ರಿಕೆಯನ್ನು ಕಲಿಸತೊಡಗಿ ಆರು ವರ್ಷವಾಯಿತು. ಪ್ರತಿ ವರ್ಷ ಮೊದಲ ತರಗತಿ ಹೆಸರುಗಳ ಜಗಳದಲ್ಲೇ ಮುಗಿಯುತ್ತದೆ. ಸರಕಾರದ ಕಾಗದದಲ್ಲಿ ಪರಿಶಿಷ್ಟ ಪಂಗಡ, ಕೆಲವರ ಬಾಯಲ್ಲಿ ವನವಾಸಿ, ನಮ್ಮ ಕರ್ನಾಟಕದಲ್ಲಿ ಗಿರಿಜನ. ನಾನು ಕುಂದಾಪುರದ ಕಡೆಯವಳು. ನಮ್ಮೂರಿನ ಕೊರಗ ಬುಡಕಟ್ಟಿನವರ ಕೊಪ್ಪದಲ್ಲಿ, ಅಂದರೆ ಅವರ ಕೇರಿಯಲ್ಲಿ, ನಿಂತರೆ ಕಡಲಿನ ಸದ್ದು ಕೇಳಿಸುತ್ತದೆ, ಗಿರಿಯ ಸುಳಿವೇ ಇಲ್ಲ, ಆದರೂ ಅವರು ಗಿರಿಜನ ಎಂದು ಹೇಳಿ ನಗಿಸುವುದು ನನ್ನ ವಾಡಿಕೆ. ಕೊಪ್ಪದ ಒಳಗೆ ನಾನೇ ಕಾಲಿಟ್ಟಿಲ್ಲವೆಂಬುದನ್ನು ಮಾತ್ರ ಯಾವ ವರ್ಷವೂ ಹೇಳಿರಲಿಲ್ಲ.

ಹೋದ ಜುಲೈಯಲ್ಲಿ ಹನ್ನೆರಡು ಮಂದಿಯನ್ನು ಕ್ಷೇತ್ರಕಾರ್ಯಕ್ಕೆಂದು ಆರೇ ಕಾಲೊನಿಗೆ ಕರೆದುಕೊಂಡು ಹೋದೆ. ಗೋರೆಗಾಂವ್ ಸ್ಟೇಷನ್ನಿನಿಂದ ಬಸ್ಸು. ಹೆದ್ದಾರಿ ದಾಟುತ್ತಿದ್ದಂತೆ ಪಟ್ಟಣ ತಟ್ಟನೆ ನಿಂತು ಹಸಿರು ಶುರುವಾಗುತ್ತದೆ. 1949ರಲ್ಲಿ ನಗರದ ತಬೇಲಾಗಳನ್ನು, ಅಂದರೆ ಎಮ್ಮೆ ಕೊಟ್ಟಿಗೆಗಳನ್ನು, ಇಲ್ಲಿಗೆ ತಂದು ಹಾಲಿನ ಕಾಲೊನಿ ಮಾಡಿದರು ಎಂದು ಎಲ್ಲರಿಗೂ ಗೊತ್ತು. ಎಮ್ಮೆಗಳಿಗಿಂತ ಮೊದಲೇ ಇಲ್ಲಿ ವಾರ್ಲಿ ಆದಿವಾಸಿಗಳ ಪಾಡಾಗಳು, ಅಂದರೆ ಹಾಡಿಗಳು, ಇದ್ದವು ಎಂಬುದು ಎಲ್ಲರಿಗೂ ಗೊತ್ತಿಲ್ಲ. 2019ರ ಅಕ್ಟೋಬರಿನಲ್ಲಿ ಮೆಟ್ರೋ ರೈಲುಗಳನ್ನು ನಿಲ್ಲಿಸುವ ಕಾರ್‌ಶೆಡ್ಡಿಗೆಂದು ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದಾಗ ಪತ್ರಿಕೆಗಳು ಮರಗಳನ್ನು ಎಣಿಸಿದವು. ಮನೆಗಳನ್ನು ಎಣಿಸಿದವರು ಕಡಿಮೆ.

ನಮ್ಮ ಕೈಯಲ್ಲಿ ನಾಲ್ಕು ಪುಟದ ಪ್ರಶ್ನಾವಳಿ. ಬರೆದವಳು ನಾನೇ. ಕುಟುಂಬದ ಸದಸ್ಯರೆಷ್ಟು, ವರಮಾನವೆಷ್ಟು, ಶೌಚಾಲಯವಿದೆಯೇ, ಜಾತಿ ಪ್ರಮಾಣಪತ್ರ ಸಿಕ್ಕಿದೆಯೇ, ಮುಖ್ಯ ಸಮಸ್ಯೆ ಯಾವುದು. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಇದೇ ಮುಂಬಯಿಯಲ್ಲಿ, ಕ್ಲಿಫರ್ಡ್ ಮ್ಯಾನ್ಶಾರ್ಡ್ಟ್ ಎಂಬ ಅಮೆರಿಕನ್ನರ ಮುಂದಾಳತ್ವದಲ್ಲಿ ಶುರುವಾಯಿತು. ನಾವು ಓದಿದ್ದು, ಈಗ ಓದಿಸುವುದು ಬಹುಪಾಲು ಆ ಕಡೆಯಿಂದ ಬಂದ ಕ್ರಮವೇ: ಒಬ್ಬ ಮನುಷ್ಯ, ಅವನ ಸಮಸ್ಯೆ, ಅದಕ್ಕೊಂದು ಕಡತ.

ಪಾಡಾದ ಬಾಯಲ್ಲಿ ಹುಲಿ-ಚಿರತೆಗಳ ದೇವರು ವಾಘೋಬನ ಒಂದು ಗುಡಿ. ಗುಡಿ ಎಂದರೆ ಗುಡಿಯಲ್ಲ, ಕುಂಕುಮ ಬಳಿದ ಕಲ್ಲು, ಮೇಲೊಂದು ತಗಡು. ಇಲ್ಲಿ ಚಿರತೆ ನಿಜವಾಗಿಯೂ ಓಡಾಡುತ್ತದೆ. ಹುಡುಗರು ಮೊಬೈಲ್ ತೆಗೆದರು. ನಾನು ಮೂರನೆಯ ಮನೆಯ ಜಗಲಿಯ ಬಳಿ ನಿಂತೆ.

ಅಲ್ಲಿ ಆಜಿಯೊಬ್ಬರು ಮೊರದ ತುಂಬ ಸೊಪ್ಪು ಹರಡಿಕೊಂಡು ಎಳೆಯ ಕುಡಿಗಳನ್ನು ಚಿವುಟುತ್ತಿದ್ದರು. ಬಲಿತ ದಂಟು ಒಂದು ಕಡೆ, ಕುಡಿ ಒಂದು ಕಡೆ. ಬೆರಳು ನೋಡದೆಯೇ ಕೆಲಸ ಮಾಡುತ್ತಿತ್ತು. ಉರುಟು ತುದಿಯ ಜೋಡಿ ಎಲೆ, ಮುರಿದಾಗ ಬರುವ ಆ ಒಗರು ವಾಸನೆ: ಚಗಟೆ ಸೊಪ್ಪು! ತುಳುವಿನವರ ತಜಂಕ್. ಇವರು ಟಾಕಳಾ ಎನ್ನುತ್ತಾರೆ.

"ನಮ್ಮೂರಲ್ಲೂ ಮಳೆಗಾಲದಲ್ಲಿ ತಿನ್ನುತ್ತೇವೆ ಆಜಿ, ಹಲಸಿನ ಬೀಜ ಹಾಕಿ" ಎಂದು ಮರಾಠಿಯಲ್ಲಿ ಹೇಳಿದೆ.

"ಹಲಸಿನ ಬೀಜವಾ? ನಾವು ಒಣ ಸೀಗಡಿ ಹಾಕುತ್ತೇವೆ" ಎಂದು ಆಜಿ ಮೊರವನ್ನು ನನ್ನ ಕಡೆ ತಳ್ಳಿದರು. ಕುಳಿತು ಚಿವುಟತೊಡಗಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿ ಬಿಚ್ಚಿ "ಮುಖ್ಯ ಸಮಸ್ಯೆ" ಎಂದಳು. ಆಜಿ ತಲೆಯೆತ್ತಲಿಲ್ಲ. "ಮೊನ್ನೆ ಬಂದವರಿಗೆ ಹೇಳಿದ್ದೇನೆ. ಅವರನ್ನು ಕೇಳಿ ಬರೆದುಕೋ."

ಕಾಡಿನಲ್ಲಿ ನೆಲೆಸಿದವರಿಗೆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ, ಅದರಡಿ ಅರ್ಜಿ ಹಾಕಬಹುದಲ್ಲ ಎಂದು ಇನ್ನೊಬ್ಬ ವಿದ್ಯಾರ್ಥಿಯ ಸಲಹೆ. ಆರೇ ಎಂಬುದು ಕಾಡೇ ಅಲ್ಲ ಎಂದು ಸರಕಾರ ವರ್ಷಗಟ್ಟಲೆ ವಾದಿಸಿದ್ದನ್ನು ನಾನು ಅವನಿಗೆ ವಿವರಿಸಬೇಕಾಯಿತು. ಕಾಡೇ ಅಲ್ಲದ ಮೇಲೆ ಕಾಡಿನ ಹಕ್ಕೆಲ್ಲಿಯದು? ಆಜಿಯ ಸೊಸೆ ಒಳಗಿನಿಂದಲೇ ನಕ್ಕಳು.

ಆಮೇಲೆ ಪ್ರಶ್ನೆ ಕೇಳುವ ಸರದಿ ಆಜಿಯದಾಯಿತು. ನಿನಗೆ ಮಕ್ಕಳೆಷ್ಟು, ಬಾಡಿಗೆ ಎಷ್ಟು ಕೊಡುತ್ತೀ, ಅತ್ತೆ ನಿನ್ನ ಜೊತೆಗಿದ್ದಾರೋ ಊರಲ್ಲೋ. ಎಲ್ಲಕ್ಕೂ ಉತ್ತರ ಕೊಟ್ಟೆ. ಮೊರದ ಅಂಚನ್ನು ಬೆರಳಿನಿಂದ ತಟ್ಟಿ ಕೇಳಿದರು: "ತಾಯಿ, ನಿಮ್ಮ ಕಡೆ ಇದನ್ನು ಹೆಣೆಯುವವರು ಯಾರು? ನಮ್ಮಂಥವರೇನಾ?"

"ಹೌದು, ಕೊರಗರು ಅಂತ."

"ಅವರು ಈ ಸೊಪ್ಪಿಗೆ ಏನು ಹಾಕುತ್ತಾರೆ?"

ಕೊರಗರ ಬಗ್ಗೆ ತರಗತಿಯಲ್ಲಿ ಒಂದು ಗಂಟೆ ಮಾತನಾಡಬಲ್ಲೆ. ಕರ್ನಾಟಕದಲ್ಲಿ ಅತಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳು ಎರಡು, ಜೇನುಕುರುಬರು ಮತ್ತು ಇವರು. ಉಗುರು, ಕೂದಲು ಬೆರೆಸಿದ ಅನ್ನವನ್ನು ಇವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು 2000ದ ಕಾಯಿದೆ ನಿಷೇಧಿಸಿತು. ಅಷ್ಟು ಹೇಳುವಾಗ ತರಗತಿ ಉಸಿರು ಹಿಡಿದು ಕೇಳುತ್ತದೆ. ಚಗಟೆಗೆ ಏನು ಹಾಕುತ್ತಾರೆ?

"ಗೊತ್ತಿಲ್ಲ ಆಜಿ" ಎಂದೆ.

"ಹೋದಾಗ ಕೇಳು" ಎಂದರು, ಹೋಗಿಯೇ ಹೋಗುತ್ತೇನೆಂಬ ಭರವಸೆಯಲ್ಲಿ. ಹನ್ನೆರಡು ಮಂದಿ ವಿದ್ಯಾರ್ಥಿಗಳು ನನ್ನನ್ನು ನೋಡುತ್ತಿದ್ದರು. ಪ್ರಶ್ನಾವಳಿಯ ಮೇಲೆ ಮಳೆಹನಿ ಬಿದ್ದು ಶಾಯಿ ಕದಡುತ್ತಿತ್ತು. ಯಾರೂ ಎತ್ತಿಡಲಿಲ್ಲ.

ಹೊರಡುವಾಗ ಆಜಿ ಒಂದು ಹಿಡಿ ಸೊಪ್ಪನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ರಾತ್ರಿ ಅದನ್ನು ಒಲೆಯ ಮೇಲಿಟ್ಟು ಊರಿಗೆ ಫೋನು ಮಾಡಿದೆ.

"ಅಮ್ಮ, ನಮ್ಮನೆಗೆ ಹೆಡಿಗೆ, ಮೊರ ತರುತ್ತಿದ್ದ ಹೆಂಗಸು ನೆನಪಿದ್ದಾಳಾ?"

"ನೆನಪಿಲ್ಲದೆ ಏನು? ಹೆಡಿಗೆಗೆ ಎರಡು ಸೇರು ಅಕ್ಕಿ, ಮೊರಕ್ಕೆ ಒಂದು. ಕಟ್ಟು ಎಷ್ಟು ಬಿಗಿ ಎನ್ನುತ್ತೀ, ಆ ಮೊರ ಅಟ್ಟದಲ್ಲಿ ಇನ್ನೂ ಇದೆ."

"ಅವಳ ಹೆಸರೇನು?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂಗಳದ ಆಚೆ ನಿಂತು ಅವಳೇ ಕೂಗುತ್ತಿದ್ದಳಲ್ಲ ಮಗಾ. ನಾವು ಕರೆಯುವ ಪ್ರಮೇಯ ಎಲ್ಲಿ ಬರುತ್ತಿತ್ತು?"

ಒಲೆಯ ಮೇಲೆ ಸೊಪ್ಪು ತಳ ಹಿಡಿಯುತ್ತಿತ್ತು.