ಮಷೀನ್ ಸೊನ್ನೆ ತೋರಿಸಿತು, ಎಂಜಿನ್ ಮಾತ್ರ ನಡುಗಿತು

ಎಂಜಿನ್ನಿನ ತಿರುಗುವ ಭಾಗಗಳಲ್ಲಿ ಒಂದು ಬದಿಗೆ ಭಾರ ಉಳಿಯದ ಹಾಗೆ ತೂಕ ಸರಿಮಾಡುವ ಬ್ಯಾಲೆನ್ಸಿಂಗ್ ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ ಇರಬೇಕು, ನಾನು ಮಾಡಿಕೊಟ್ಟ ಒಂದು ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ವಾಪಸ್ ಬಂತು. ಬರೀ ಕ್ರ್ಯಾಂಕ್ ಅಲ್ಲ, ಕಾರಿನ ಸಮೇತ ಇಡೀ ಎಂಜಿನ್. ಟ್ರ್ಯಾಕ್ ಮೇಲೆ ಓಡಿಸಲು ಕಟ್ಟಿದ ನಾಲ್ಕು ಸಿಲಿಂಡರ್ ಎಂಜಿನ್ ಅದು, 7000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತನಕ ಸುತ್ತಬೇಕು. 4500ರವರೆಗೆ ನೀರು ಹರಿದ ಹಾಗೆ ಹೋಗುತ್ತಿತ್ತು. ಅದರಾಚೆ ಗೇರ್ ಲಿವರ್ ಝುಂ ಅನ್ನಲು ಶುರು, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತಿತ್ತು.

ನನ್ನ ಕೆಲಸದ ಕಾರ್ಡ್‌ನಲ್ಲಿ, ಒಂದು ಬದಿಗೆ ಉಳಿದ ಭಾರ ಕ್ರ್ಯಾಂಕಿನ ಎರಡೂ ತುದಿಗೆ 0.4 ಗ್ರಾಂ ಅಂತ ಬರೆದಿದ್ದೆ. ಅಷ್ಟು ಕಮ್ಮಿ ಮಾಡಿದರೆ ಸಾಕು, ಬೇಕಾದ್ದಕ್ಕಿಂತ ಚೆನ್ನಾಗಿಯೇ ಆಯ್ತು. ಹಾಗಾಗಿ ಗತ್ತಿನಿಂದಲೇ ಹೇಳಿದೆ, ತಪ್ಪು ನನ್ನದಲ್ಲ, ಎಂಜಿನ್ ಕೂರುವ ಮೌಂಟ್ ನೋಡಿ, ಇಂಜೆಕ್ಟರ್ ನೋಡಿ ಅಂತ. ಎಂಜಿನ್ ಕಟ್ಟಿದವರು ಪಾಪ ಎರಡು ದಿನ ಅದನ್ನೆಲ್ಲ ಬಿಚ್ಚಿ ನೋಡಿದರು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಿಸ್ಟನ್‌ಗಳನ್ನೆಲ್ಲ ತೂಗಿ, ಎಲ್ಲಕ್ಕಿಂತ ಹಗುರವಾದದ್ದು ಯಾವುದೋ ಅದರ ತೂಕಕ್ಕೆ ಉಳಿದವನ್ನು ಇಳಿಸುತ್ತೇವೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ತೂಗುವುದು ಇನ್ನೂ ತಲೆನೋವು: ರಾಡನ್ನು ಮಟ್ಟವಾಗಿ ಹಿಡಿದು, ಒಂದು ತುದಿಯನ್ನು ಆಧಾರದ ಮೇಲೆ, ಇನ್ನೊಂದನ್ನು ತಕ್ಕಡಿಯ ಮೇಲೆ ಇಟ್ಟು, ದೊಡ್ಡ ತುದಿ ಬೇರೆ, ಚಿಕ್ಕ ತುದಿ ಬೇರೆ ತೂಗಬೇಕು, ಎರಡೂ ಸೇರಿಸಿದರೆ ಪೂರ್ತಿ ರಾಡಿನ ತೂಕ ಬರಬೇಕು. ಬರದಿದ್ದರೆ ರಾಡು ಕೂರಿಸುವ ಚೌಕಟ್ಟು, ಅಂದರೆ ಜಿಗ್, ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ. ಎಂಟು ಸಿಲಿಂಡರಿನ ವಿ8 ಆದರೆ ಬಾಬ್‌ವೇಟ್ ಬೇಕು, ಅಂದರೆ ತಿರುಗುವ ತೂಕ ಪೂರ್ತಿ, ಮೇಲೆ ಕೆಳಗೆ ಹೋಗುವ ತೂಕದಲ್ಲಿ ಸಾಮಾನ್ಯವಾಗಿ ಅರ್ಧ, ಜೊತೆಗೆ ಎಣ್ಣೆಗೆ ಅಂತ ನಾಲ್ಕೈದು ಗ್ರಾಂ ಲೆಕ್ಕ ಹಾಕಿ ಕ್ರ್ಯಾಂಕಿನಲ್ಲಿ ರಾಡು ಕೂರುವ ಒಂದೊಂದು ಪಿನ್ನಿಗೂ ಕಟ್ಟಿ ತಿರುಗಿಸುವುದು. ಸಾಲಾಗಿ ನಿಂತ ನಾಲ್ಕು ಸಿಲಿಂಡರಿಗೆ ಅದು ಬೇಡ. ಹೊರಗಿನ ಎರಡು ಪಿನ್ ಒಂದು ಕಡೆ, ಒಳಗಿನ ಎರಡು ಎದುರು ಕಡೆ, ತೂಕ ಸಮ ಇದ್ದರೆ ಒಂದಕ್ಕೊಂದು ವಜಾ. ಅದಕ್ಕೇ ನಾಲ್ಕು ಸಿಲಿಂಡರ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಸರಿ, ಎರಡು ದಿನ ಆದ ಮೇಲೆ ನಮ್ಮ ಹಿರಿಯ ಮಷಿನಿಸ್ಟ್ ಬಂದು ಕಾರಿನಲ್ಲಿ ಕೂತರು. ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, 6000ಕ್ಕೆ ಏರಿಸಿದರು. ನಡುಕ ಬಂತು. ಅಂದರೆ ಚಕ್ರ, ಆಕ್ಸಲ್ ಯಾವುದೂ ಅಲ್ಲ. ಕ್ಲಚ್ ತುಳಿದು ಮತ್ತೆ ಏರಿಸಿದರು. ಅಷ್ಟೇ ನಡುಕ. ಅಂದರೆ ಗೇರ್‌ಬಾಕ್ಸ್ ಅಲ್ಲ, ಕ್ಲಚ್ ಡಿಸ್ಕೂ ಅಲ್ಲ. ಆಮೇಲೆ ಬ್ಲಾಕ್ ಮೇಲೆ ಸೆನ್ಸರ್ ಇಟ್ಟರು. ನಾಲ್ಕು ಸಿಲಿಂಡರಿಗೆ ಹುಟ್ಟಿನಿಂದಲೇ ಒಂದು ನಡುಕ ಇದೆ, ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಬರುತ್ತದೆ, ಅದು ರಾಡು ಓರೆಯಾಗುವುದರಿಂದ ಆಗುವಂಥದ್ದು, ಕ್ರ್ಯಾಂಕ್ ಕೊರೆದು ಅದನ್ನು ತೆಗೆಯಲಾಗದು, ಬೇಕಾದರೆ ಎರಡು ಪಟ್ಟು ವೇಗದಲ್ಲಿ ತಿರುಗುವ ಬ್ಯಾಲೆನ್ಸ್ ಶಾಫ್ಟ್‌ಗಳನ್ನೇ ಹಾಕಬೇಕು. 6000ದಲ್ಲಿ ಅದು 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಸಲ. ಇಲ್ಲಿ ಎದ್ದು ನಿಂತಿದ್ದು 100 ಹರ್ಟ್ಸ್. ಸುತ್ತಿಗೊಂದು ಸಲ.

ಎಂಜಿನ್ ಜೊತೆಗೇ ತಿರುಗುವ ಯಾವುದೋ ಒಂದು ಕಡೆ ಭಾರ ಇದೆ ಅಂತಾಯ್ತು. ನನ್ನ ಗತ್ತು ಅಲ್ಲಿಗೆ ಇಳಿಯಿತು.

ಗೇರ್‌ಬಾಕ್ಸ್ ಇಳಿಸಿದೆವು. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿರುವ ಭಾರದ ಚಕ್ರ ಫ್ಲೈವೀಲ್, ಅದರ ಮೇಲೆ ಕ್ಲಚ್ ಡಿಸ್ಕನ್ನು ಒತ್ತಿ ಹಿಡಿಯುವ ಕ್ಲಚ್ ಕವರ್ ಚೆನ್ನಾಗಿಯೇ ಕೂತಿತ್ತು. "ಸಾರ್, ಇದನ್ನು ಯಾವ ಕಡೆಗೆ ಕೂರಿಸಬೇಕು ಅಂತ ಗುರುತೇ ಇರಲಿಲ್ಲ" ಅಂದ ಫಿಟ್ಟರ್ ಹುಡುಗ. ಸಮ ದೂರದಲ್ಲಿ ಮೂರು ಡೋವೆಲ್ (ಕವರಿನ ಜಾಗ ಹಿಡಿಯುವ ಗೂಟ) ಇದ್ದ ಫ್ಲೈವೀಲ್ ಅದು, ಕವರ್ ಮೂರು ರೀತಿ ಕೂರುತ್ತದೆ, ಅವನು ಸಿಕ್ಕಿದ ರೀತಿಯಲ್ಲಿ ಕೂರಿಸಿದ್ದ. ಗುರುತು ಹಾಕಬೇಕಿದ್ದವನು ನಾನು. ಆದರೆ ಪಂಚ್ ಗುರುತು ಮರೆತದ್ದು ಚಿಕ್ಕ ತಪ್ಪು. ದೊಡ್ಡದು ಬೇರೆ ಇತ್ತು.

ಬ್ಯಾಲೆನ್ಸ್ ಮಾಡಿದ ದಿನ ಕ್ರ್ಯಾಂಕನ್ನು ಮಷೀನ್ ಮೇಲೆ ತಿರುಗಿಸಿ ಒಂದು ಬದಿಯ ಭಾರ ಸೊನ್ನೆ ಮಾಡಿದ್ದೆ. ಫ್ಲೈವೀಲ್ ಹಾಕಿ ಫ್ಲೈವೀಲನ್ನೇ ಕೊರೆದು ಮತ್ತೆ ಸೊನ್ನೆ ಮಾಡಿದ್ದೆ. ಕೊನೆಗೆ ಕವರ್ ಹಾಕಿದಾಗ ಮಷೀನ್ 7 ಗ್ರಾಂ ತೋರಿಸಿತು, ನಡುವಿನಿಂದ 110 ಮಿಲಿಮೀಟರ್ ದೂರದಲ್ಲಿ. ಸಂಜೆಯಾಗಿತ್ತು. ಕವರ್ ತೆಳು ತಗಡಿನದು, ಕೊರೆಯಲು ಜಾಗವೇ ಸಿಗುವುದಿಲ್ಲ. ಫ್ಲೈವೀಲ್ ದಪ್ಪ ಉಕ್ಕು, 10 ಮಿಲಿಮೀಟರ್ ಡ್ರಿಲ್ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 6 ಗ್ರಾಂ ಹೋಯ್ತು, ಐದು ನಿಮಿಷದ ಕೆಲಸ. ಕವರಿನ ತಪ್ಪನ್ನು ಫ್ಲೈವೀಲ್‌ನಲ್ಲಿ ಕೊರೆದೆ. ಪರದೆ ಮೇಲೆ 0.4 ಬಂತು. ಕಾರ್ಡ್ ಬರೆದು ಮನೆಗೆ ಹೋದೆ.

ಅಂದರೆ ಎರಡು ಓರೆ ಭಾಗಗಳನ್ನು ಒಂದಕ್ಕೊಂದು ಒರಗಿಸಿ ನೇರ ನಿಲ್ಲಿಸಿದ್ದೆ, ಅಷ್ಟೇ. ಕವರ್ 120 ಡಿಗ್ರಿ ತಿರುಗಿದ ಕೂಡಲೇ 7 ಗ್ರಾಂ ವಜಾ ಆಗುವ ಬದಲು 12 ಗ್ರಾಂ ಆಯ್ತು. 12 ಗ್ರಾಂ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆ ದೂರದಲ್ಲಿ, 3000 ಆರ್‌ಪಿಎಂನಲ್ಲಿ ಅದು ಸುಮಾರು 13 ಕಿಲೋ ಬಲದಿಂದ ಎಳೆಯುತ್ತದೆ. 6000ದಲ್ಲಿ 53 ಕಿಲೋ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಒಂದು ಸೆಕೆಂಡಿಗೆ ನೂರು ಸಲ, ಹಿಂದಿನ ಮೇನ್ ಬೇರಿಂಗ್ ಪಕ್ಕದಲ್ಲೇ.

ಕವರನ್ನು ಮೊದಲಿನ ಜಾಗಕ್ಕೆ ತಿರುಗಿಸಿ ಬೋಲ್ಟ್ ಬಿಗಿದಿದ್ದರೆ ಅವತ್ತೇ ಕಾರು ಹೊರಗೆ ಹೋಗುತ್ತಿತ್ತು. ಕಟ್ಟಿದವರೂ ಅದನ್ನೇ ಕೇಳಿದರು. ಆದರೆ ಟ್ರ್ಯಾಕ್ ಕಾರಿನ ಕ್ಲಚ್ ಎಷ್ಟು ದಿನ ಬಾಳುತ್ತದೆ? ಮುಂದೆ ಒಂದು ದಿನ ಹೊಸ ಕವರ್ ಬರುತ್ತದೆ, ಅದು ಎಷ್ಟೇ ಚೆನ್ನಾಗಿದ್ದರೂ ನನ್ನ 7 ಗ್ರಾಂ ತಪ್ಪು ಫ್ಲೈವೀಲ್‌ನಲ್ಲಿ ಕಾಯುತ್ತಾ ಕೂತಿರುತ್ತದೆ. ಆಗ ಯಾರೂ ನನ್ನ ಕಡೆ ನೋಡುವುದಿಲ್ಲ, ಸುಮ್ನೆ ಹೊಸ ಕವರನ್ನು ಬೈಯುತ್ತಾರೆ.

ಹಾಗಾಗಿ ಕ್ರ್ಯಾಂಕ್ ಮತ್ತೆ ಹೊರಗೆ ಬಂತು. ಕವರ್ ಇಲ್ಲದೆ ತಿರುಗಿಸಿದರೆ 7 ಗ್ರಾಂ ಹಾಗೇ ಕಂಡಿತು. ಕೊರೆದದ್ದನ್ನು ತುಂಬಲಾಗದು, ಎದುರು ಬದಿಯಲ್ಲಿ ಅಷ್ಟೇ ತೂಕ ಕೊರೆದೆ. ಆಮೇಲೆ ಕವರ್ ಹಾಕಿ, ಅದರ ಅಂಚಿನ ತೂಕವನ್ನು ಅಲ್ಲಲ್ಲೇ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಅರ್ಧ ದಿನ ಕಳೆದೆ. ಮೂರೂ ಜಾಗದಲ್ಲಿ ಕೂರಿಸಿ ತಿರುಗಿಸಿದೆ, ಮೂರರಲ್ಲೂ 1 ಗ್ರಾಂ ಒಳಗೆ ಬಂತು. ಅದು ಬಂದ ಮೇಲೆ ಗುರುತಿನ ಅಗತ್ಯ ಅಷ್ಟಾಗಿ ಇರಲಿಲ್ಲ. ಆದರೂ ಪಂಚ್ ಹೊಡೆದೆ.

ಈಗ ಕಾರ್ಡ್‌ನಲ್ಲಿ ಒಂದೇ ಅಂಕೆ ಬರೆಯುವುದಿಲ್ಲ. ಕ್ರ್ಯಾಂಕ್ ಒಂದೇ ಇದ್ದಾಗ ಎಷ್ಟು, ಮುಂದಿನ ಪುಲ್ಲಿ ಹಾಕಿದಾಗ ಎಷ್ಟು, ಫ್ಲೈವೀಲ್ ಹಾಕಿದಾಗ ಎಷ್ಟು, ಕವರ್ ಹಾಕಿದಾಗ ಎಷ್ಟು, ಪ್ರತಿ ಸಲ ಯಾವ ಭಾಗದಿಂದ ತೂಕ ತೆಗೆದೆ, ಎಲ್ಲ ಬರೆಯುತ್ತೇನೆ. ಬೇಕಂತಲೇ ಫ್ಲೈವೀಲ್‌ನಲ್ಲಿ ಭಾರ ಇಟ್ಟ ಎಂಜಿನ್‌ಗಳೂ ಇವೆ, ಅವಕ್ಕೆ ಲೆಕ್ಕ ಬೇರೆ, ಅದನ್ನೂ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡುತ್ತೇನೆ. ಹೊಸ ಕವರ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ಆಗಿದೆ. ಹೋದ ವಾರ ಬಂದದ್ದು 2 ಗ್ರಾಂ. ಅದರ ಹಿಂದಿನದು 9.