ಸೈಕಲ್, ಟ್ರೈಲರ್ ಕಟ್ಟಿಕೊಂಡು ಆಗುಂಬೆ ಇಳಿಯುವವರು ಮೊದಲು ಹಿಚ್ ನೋಡಿ

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮೇಲಾಗಿ ಹೆಬ್ರಿಗೆ ಇಳಿದೆವು. ಎರಡು ಗಾಡಿ. ಒಂದರ ಹಿಂದೆ ನಾಲ್ಕು ಸೈಕಲ್ ಹೊತ್ತ ಕ್ಯಾರಿಯರ್, ಇನ್ನೊಂದರ ಹಿಂದೆ ಟೆಂಟು, ಪಾತ್ರೆ, ಅಕ್ಕಿ ತುಂಬಿದ ಸಣ್ಣ ಟ್ರೈಲರ್. ನೀವೂ ಹೀಗೆ ಹೋಗುವವರಾದರೆ ರೂಮ್ ಬುಕ್ ಮಾಡುವ ಮೊದಲು ಗಾಡಿಯ ಹಿಂದೆ ಬಗ್ಗಿ ನೋಡಿ.

ಹಿಚ್, ಅಂದರೆ ಕ್ಯಾರಿಯರ್ ಅಥವಾ ಟ್ರೈಲರ್ ಸಿಕ್ಕಿಸಲು ಗಾಡಿಯ ಹಿಂದೆ ಹಾಕುವ ಕಬ್ಬಿಣದ ಕೊಂಡಿ, ಅದು ಚಾಸಿಗೆ (ಗಾಡಿಯ ಅಡಿಯ ಚೌಕಟ್ಟಿಗೆ) ಬೋಲ್ಟ್ ಆಗಿದೆಯಾ, ಸುಮ್ನೆ ಬಂಪರಿಗೆ ವೆಲ್ಡ್ ಮಾಡಿದ್ದಾ? ಬಂಪರಿಗೆ ಅಂಟಿಸಿದ್ದಾದರೆ ಏನನ್ನೂ ಕಟ್ಟಬೇಡಿ. ಆಮೇಲೆ ರಿಸೀವರ್, ಅಂದರೆ ಕ್ಯಾರಿಯರ್ ತೂರಿಸುವ ಚೌಕದ ಕೊಳವೆ, ಅದರ ಬಾಯಿಯನ್ನು ಒಳಗಿನಿಂದ ಅಳೆಯಿರಿ. ಸಾಮಾನ್ಯವಾಗಿ 1.25 ಇಂಚು, ಇಲ್ಲವೇ 2 ಇಂಚು. ನಾಲ್ಕು ಸೈಕಲ್ ಹೊರುವ ಕ್ಯಾರಿಯರ್‌ಗಳಲ್ಲಿ ಬಹಳಷ್ಟು 2 ಇಂಚೇ ಕೇಳುತ್ತವೆ. ಅಡಾಪ್ಟರ್ ಹಾಕಿದರೆ ಸಣ್ಣದರಲ್ಲೂ ಕೂರುತ್ತದೆ. ಆದರೆ ಹಿಚ್‌ನ ತಾಕತ್ತು ಅಷ್ಟೇ ಉಳಿಯುತ್ತದೆ, ಭಾರ ಮಾತ್ರ ಇನ್ನೂ ಹಿಂದಕ್ಕೆ ಹೋಗಿ ಜಗ್ಗುತ್ತದೆ.

ಲೆಕ್ಕ ಹಾಕಿ. ಸೈಕಲ್ ಒಂದಕ್ಕೆ 15 ಕೆಜಿ, ನಾಲ್ಕಕ್ಕೆ 60, ಕ್ಯಾರಿಯರ್ 20, ಒಟ್ಟು 80. ಅಮೆರಿಕದ ಲೆಕ್ಕದ ಕ್ಲಾಸ್ 1, ಅಂದರೆ ಎಲ್ಲಕ್ಕಿಂತ ಸಣ್ಣ ದರ್ಜೆಯ 1.25 ಇಂಚಿನ ಹಿಚ್ ಮೇಲೆ ನೇರ ಬೀಳಬಹುದಾದ ಭಾರ 200 ಪೌಂಡ್, ಸುಮಾರು 90 ಕೆಜಿ. ಸಾಕಲ್ವಾ ಅನ್ನಿಸುತ್ತದೆ. ಸಾಲದು. ನಿಂತ ಗಾಡಿಯ ಲೆಕ್ಕವೇ ಬೇರೆ, ಊರೂರಿನ ಹಂಪ್ ಮೇಲೆ ಎಗರಿ ಬೀಳುವ ಸೈಕಲ್‌ಗಳ ಹೊಡೆತವೇ ಬೇರೆ. ನಾವು 2 ಇಂಚಿನ ಹಿಚ್‌ಗೇ ಹೋದೆವು, ಅಲುಗಾಡದಂತೆ ಕ್ಲಾಂಪ್ ಕೂಡ ಹಾಕಿದೆವು. ಬ್ಯಾಟರಿ ಸೈಕಲ್ ಇದ್ದರೆ ಎರಡಕ್ಕೇ ನಿಲ್ಲಿಸಿ. ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಿಹೋಗಬಾರದು, ಆಗುಂಬೆಯ ಮಂಜಿನಲ್ಲಿ ಹಿಂದಿನವರಿಗೆ ಕಾಣುವುದು ಆ ದೀಪವೊಂದೇ.

ಟ್ರೈಲರ್ ವಿಷಯ ಇನ್ನೂ ಸೂಕ್ಷ್ಮ. ಗಾಡಿ, ಹಿಚ್, ಹಿಚ್ ಮೇಲಿನ ಗುಂಡು ಅಂದರೆ ಬಾಲ್, ಆ ಬಾಲ್ ಮೇಲೆ ಕೂರುವ ಟ್ರೈಲರ್ ಮೂತಿಯ ಕಪ್ಲರ್, ಸರಪಳಿ ಎಲ್ಲಕ್ಕೂ ಒಂದೊಂದು ಮಿತಿ ಇರುತ್ತದೆ. ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ಹಿಚ್ ಮೇಲೆ 1,500 ಕೆಜಿ ಅಂತ ಬರೆದಿದ್ದರೂ ಗಾಡಿಯ ಪುಸ್ತಕದಲ್ಲಿ 750 ಇದ್ದರೆ 750 ಅಷ್ಟೇ. ಬಾಲ್‌ನಲ್ಲೂ 50 ಮಿಲಿಮೀಟರ್ ಬೇರೆ, 2 ಇಂಚು ಬೇರೆ. 2 ಇಂಚು ಅಂದರೆ 50.8. ಅಷ್ಟು ಸಣ್ಣ ವ್ಯತ್ಯಾಸಕ್ಕೇ ಕಪ್ಲರ್ ಪೂರ್ತಿ ಕೂರದೆ ಹೋಗಬಹುದು. ಬಾಲ್ ಮೇಲೆ, ಕಪ್ಲರ್ ಮೇಲೆ ಕೆತ್ತಿರುವ ಅಂಕಿ ಓದಿ ಹೊಂದಿಸಿ. ಲಾಕ್ ಹಾಕಿದ ಮೇಲೆ ಟ್ರೈಲರ್ ಮೂತಿಯನ್ನು ಜ್ಯಾಕ್‌ನಿಂದ ಸ್ವಲ್ಪ ಎತ್ತಿ ನೋಡಿ, ಗಾಡಿಯ ಹಿಂಭಾಗವೂ ಜೊತೆಗೇ ಏಳಬೇಕು.

ಸಾಮಾನು ತುಂಬುವಾಗ ಭಾರದ್ದು ಮುಂದಿನ ಅರ್ಧದಲ್ಲಿ ಜಾಸ್ತಿ ಇರಲಿ. ಈ ಥರದ ಟ್ರೈಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ ಮೇಲೆ ಬೀಳಬೇಕು ಅನ್ನುವುದು ಕ್ಲಾಸ್ ಲೆಕ್ಕದ ಹಿಚ್‌ಗಳಿಗೆ ಹೇಳುವ ರೂಢಿ, 400 ಕೆಜಿಗೆ 40ರಿಂದ 60. ಅಡಿಕೆ ಮೂಟೆ ತೂಗುವ ಕಾಟಾದ ಮೇಲೆ ಟ್ರೈಲರ್ ಮೂತಿ ಇಟ್ಟರೆ ಗೊತ್ತಾಗುತ್ತದೆ. ಮಲೆನಾಡಲ್ಲಿ ಕಾಟಾ ಹುಡುಕಲು ದೂರ ಹೋಗಬೇಕಾಗಿಲ್ಲ. ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಜಾಸ್ತಿಯಾದರೆ ಗಾಡಿಯ ಹಿಂದು ಕುಸಿದು ಸ್ಟೇರಿಂಗ್ ಹಗುರ ಆಗುತ್ತದೆ, ಘಾಟಿಯಲ್ಲಿ ಅದು ಬಹಳ ಕೆಟ್ಟದ್ದು.

ಮಂಡಗದ್ದೆಯಲ್ಲಿ ನಿಲ್ಲಿಸಿ ಪಿನ್, ಪಟ್ಟಿ ಎಲ್ಲ ಮತ್ತೊಮ್ಮೆ ಬಿಗಿ ಮಾಡಿದೆವು, ಹೊರಟ ಮೊದಲ ಅರ್ಧ ಗಂಟೆಯಲ್ಲೇ ಪಟ್ಟಿ ಸಡಿಲ ಆಗಿತ್ತು. ಘಾಟಿಯ ತಿರುವುಗಳಲ್ಲಿ ಟ್ರೈಲರ್ ಚಕ್ರ ಗಾಡಿಗಿಂತ ಒಳಗೆ ಹಾಯುತ್ತದೆ. ಅಗಲವಾಗಿ ತಿರುಗಿಸಿ, ಮೇಲೆ ಬರುವ ಬಸ್ಸಿಗೆ ಮೊದಲೇ ನಿಂತು ದಾರಿ ಬಿಡಿ. ಬ್ರೇಕ್ ಒತ್ತಿಕೊಂಡೇ ಇಳಿಯದೆ ಕೆಳಗಿನ ಗೇರ್‌ನಲ್ಲಿ ಇಳಿಯಿರಿ.

ಟ್ರೈಲರ್‌ಗೂ ಬೇರೆ ರಿಜಿಸ್ಟ್ರೇಷನ್ ಬೇಕು, ಕಾಗದ ಜೊತೆಗಿರಲಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸುವುದುಂಟು, ವಿಚಾರಿಸಿಯೇ ಹೊರಡಿ. ಸೂರ್ಯಾಸ್ತ ನೋಡುವ ಜಾಗಕ್ಕೆ ಟ್ರೈಲರ್ ಎಳೆದುಕೊಂಡು ಹೋಗಬೇಡಿ, ಸಂಜೆ ಅಲ್ಲಿ ತಿರುಗಿಸುವುದು ಕಷ್ಟ. ಆಗುಂಬೆ ಊರಲ್ಲೇ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ.